ಮಡಿಲ ನಾಯಿಗಳು

ಚಿಕ್ಕೋಡಿ ತಾಲೂಕಿನ ಕಬ್ಬೂರಿನಲ್ಲಿ ವೈಶಾಖ ಮಾಸದ ಒಂದು ಮಧ್ಯಾಹ್ನ ನಾವು ಪರಿಚಿತರೊಬ್ಬರ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆವು. ಕಬ್ಬಿನ ತೋಟಗಳ ಮೇಲಿಂದ ಬರುವ ಗಾಳಿಯೂ ಅಂದು ಬಿಸಿಯಾಗಿತ್ತು. ಒಳಗೋಣೆಯಿಂದ ಎಡೆಬಿಡದೆ ಗೊರಕೆಯ ಸದ್ದು ಕೇಳಿಬರುತ್ತಿದ್ದುದರಿಂದ, ಮನೆಯ ಹಿರಿಯರು ಊಟ ಮಾಡಿ ಮಲಗಿರಬೇಕೆಂದು ಭಾವಿಸಿ ನಾವು ದನಿ ತಗ್ಗಿಸಿ ಮಾತನಾಡತೊಡಗಿದೆವು. ಸ್ವಲ್ಪ ಹೊತ್ತಿನಲ್ಲಿ ಆ ಗೊರಕೆಯೇ ನಾಲ್ಕು ಕಾಲಿನ ಮೇಲೆ ನಡೆದು ಹೊರಗೆ ಬಂದಿತು! ಅದು ಎರಡು ವರ್ಷದ ಒಂದು ಪಗ್ ನಾಯಿ. ಅದು ನಿದ್ರಿಸುತ್ತಿರಲಿಲ್ಲ, ಎಚ್ಚತ್ತಿದ್ದೇ ಗೊರೆಯುತ್ತಿತ್ತು. “ಎಷ್ಟ ಚಂದ ಗೊರಕೀ ಹೊಡೀತದ ನೋಡ್ರಿ” ಎಂದು ಮನೆಯವರು ನಕ್ಕರು. ನಾಯಿಯ ನಾಲಗೆ ನೀಲಿಗೆ ತಿರುಗಿರುವುದನ್ನು ಅವರು ಗಮನಿಸಿರಲಿಲ್ಲ. ಅದರ ಮೇಲೆ ನೀರು ಹೊಯ್ದು, ಬೀಸಣಿಗೆಯ ಕೆಳಗೆ ನಿಲ್ಲಿಸಿ, ಪಶುವೈದ್ಯರಲ್ಲಿಗೆ ಒಯ್ಯುವ ಹೊತ್ತಿಗೆ ಮನೆಯವರ ನಗು ಅಡಗಿತ್ತು.

ಮುದ್ದಿಗಾಗಿ ಸಾಕುವ ಸಣ್ಣ ನಾಯಿಗಳು ಇಂದು ನಮ್ಮ ಸಣ್ಣ ಊರುಗಳಿಗೂ ಬಂದಿವೆ. ಅವು ಎಲ್ಲಿಂದ ಬಂದವು, ಅವುಗಳ ಗಾತ್ರ ಹೇಗೆ ಕುಗ್ಗಿತು, ಆ ಕುಗ್ಗುವಿಕೆಗೆ ಅವುಗಳ ದೇಹ ಯಾವ ಬೆಲೆ ತೆರುತ್ತಿದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ನಾಯಿಯ ಒಡನಾಟ ಕನ್ನಡ ನಾಡಿಗೆ ಹೊಸತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಗೆದ್ದಾಗ, ಗಂಗ ಬೂತುಗನ ಬಂಟನಾದ ಮಣಲೇರನೆಂಬ ವೀರನು ಮೆಚ್ಚುಗೆಯಾಗಿ ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದಿಗೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕ್ರಿ. ಶ. ೯೫೦ರ ಸುಮಾರಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಲಾಯಿತು. ನಾಯಿಯೂ ಹಂದಿಯೂ ಸೆಣಸುವ ಚಿತ್ರವಿರುವ ಆ ಕಲ್ಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ೧೨ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನಾಯಿಗಳ ವಿನೋದಕ್ಕೆಂದೇ ಒಂದು ಪ್ರಕರಣವುಂಟು. ನಮ್ಮ ಗಡಿನಾಡಿಗೇ ಬಂದರೆ, ಕಾಗವಾಡದ ಕಡೆಯ ಮಂಗಸೂಳಿಯಲ್ಲಿ ನೆಲೆಸಿರುವ ಖಂಡೋಬನ ಬಳಿ ಕುದುರೆಯ ಜೊತೆಗೆ ನಾಯಿಯಿರುವುದು. ಕೃಷ್ಣಾ ಪಂಚಗಂಗೆಗಳ ಸಂಗಮದ ನರಸೋಬನ ವಾಡಿಗೆ ಹೋಗಿಬರುವ ಯಾತ್ರಿಕರು ದತ್ತಾತ್ರೇಯನ ಪಾದದ ಬಳಿ ನಾಲ್ಕು ನಾಯಿಗಳನ್ನು ಕಂಡು ಕೈಮುಗಿಯುವರು. ಪೂರ್ವಕ್ಕೆ ಘಟಪ್ರಭೆಯ ಬಯಲಿನಲ್ಲಿ, ಒಂದು ಕಾಲಕ್ಕೆ ಘೋರ್ಪಡೆ ಅರಸರ ಸಂಸ್ಥಾನವಾಗಿದ್ದ ಮುಧೋಳ, ತನ್ನ ಹೆಸರನ್ನೇ ಹೊತ್ತ ಬೇಟೆನಾಯಿಗಾಗಿ ಪ್ರಸಿದ್ಧವಾಗಿದೆ. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನೂ ಹೊರಡಿಸಿತು.

ಆದರೆ ಇವೆಲ್ಲ ಕೆಲಸದ ನಾಯಿಗಳು. ಓಡುವುದು, ಕಾಯುವುದು, ಹಿಡಿಯುವುದು ಅವುಗಳ ಧರ್ಮ. ಹೊಲದ ಗುಡಿಸಲಿನ ಮುಂದೆ ಮಲಗಿ, ರೊಟ್ಟಿಯ ತುಣುಕನ್ನು ತಿಂದು, ರಾತ್ರಿಯೆಲ್ಲ ಬೊಗಳುವ ನಮ್ಮ ನಾಡನಾಯಿಯೂ ಇದೇ ವರ್ಗದ್ದು. ಹೊಸಿಲು ದಾಟಿ ಒಳಗೆ ಬರುವ ಅಧಿಕಾರ ಅದಕ್ಕಿರಲಿಲ್ಲ. ಏನೂ ಕೆಲಸ ಮಾಡದೆ, ಮಡಿಲಿನಲ್ಲಿ ಕುಳಿತುಕೊಳ್ಳುವುದನ್ನೇ ಕೆಲಸ ಮಾಡಿಕೊಂಡ ನಾಯಿಗಳ ಕತೆ ಬೇರೆ.

ಇಂಥ ನಾಯಿಗಳನ್ನು ಪ್ರಾಚೀನ ಗ್ರೀಕರೂ ರೋಮನರೂ ಬಲ್ಲವರಾಗಿದ್ದರು. ರೋಮಿನ ಕವಿ ಮಾರ್ಷಿಯಲನು ತನ್ನ ಮಿತ್ರನ ‘ಇಸ್ಸಾ’ ಎಂಬ ಪುಟ್ಟ ಹೆಣ್ಣುನಾಯಿಯ ಮೇಲೆ ಪದ್ಯವನ್ನೇ ಬರೆದನು. ಚೀನದ ಅರಮನೆಗಳಲ್ಲಿ ಚಪ್ಪಟೆ ಮುಖದ ಸಣ್ಣ ನಾಯಿಗಳನ್ನು ಶತಮಾನಗಳ ಕಾಲ ಬೆಳೆಸಿದರು. ಅವುಗಳಲ್ಲಿ ಪೀಕಿಂಗೀಸ್ ತಳಿ ಹೊರಜಗತ್ತಿಗೆ ಬಂದ ಬಗೆ ಸುಂದರವಾದುದಲ್ಲ. ೧೮೬೦ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯಗಳು ಪೀಕಿಂಗಿನ ಬೇಸಗೆಯ ಅರಮನೆಯನ್ನು ಕೊಳ್ಳೆ ಹೊಡೆದಾಗ ಸಿಕ್ಕ ಕೆಲವು ನಾಯಿಗಳನ್ನು ಇಂಗ್ಲೆಂಡಿಗೆ ಒಯ್ದರು. ಅವುಗಳಲ್ಲೊಂದನ್ನು ವಿಕ್ಟೋರಿಯಾ ರಾಣಿಗೆ ಕಾಣಿಕೆ ಕೊಡಲಾಯಿತು. ಅದಕ್ಕೆ ಇಟ್ಟ ಹೆಸರು ‘ಲೂಟಿ’! ಲೂಟಿ ಎಂಬ ನಮ್ಮ ದೇಶದ ಮಾತು ಇಂಗ್ಲಿಷರ ಬಾಯಿಗೆ ಸೇರಿ, ಕೊನೆಗೆ ಚೀನದ ನಾಯಿಯೊಂದರ ಕೊರಳಿಗೆ ಬಿದ್ದುದು ಸಾಮ್ರಾಜ್ಯದ ಇತಿಹಾಸದಲ್ಲೊಂದು ವಿನೋದ.

ಪಗ್ ಕೂಡ ಚೀನದ ಮೂಲದ್ದೇ. ಡಚ್ಚರ ಹಡಗುಗಳು ಅದನ್ನು ಯೂರೋಪಿಗೆ ಒಯ್ದವು. ಹಾಲೆಂಡಿನ ಆರೆಂಜ್ ರಾಜವಂಶದ ಪ್ರೀತಿಯ ನಾಯಿಯಾಗಿ ಅದು ಬೆಳೆಯಿತು. ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೋಗಾರ್ತ್ ೧೭೪೫ರಲ್ಲಿ ತನ್ನ ಚಿತ್ರವನ್ನು ತಾನೇ ಬರೆದುಕೊಂಡಾಗ ಪಕ್ಕದಲ್ಲಿ ತನ್ನ ಪಗ್ ನಾಯಿಯನ್ನೂ ಬರೆದನು. ವಾಚಕರು ಆ ಚಿತ್ರದ ಪ್ರತಿಯನ್ನು ಎಲ್ಲಿಯಾದರೂ ಕಂಡರೆ ಸ್ವಲ್ಪ ನಿಂತು ನೋಡಬೇಕು. ಆ ನಾಯಿಗೆ ಮೂತಿಯಿದೆ! ಗಿಡ್ಡದಾದರೂ ಸ್ಪಷ್ಟವಾಗಿ ಮುಂದೆ ಚಾಚಿದ ಮೂತಿ. ಕಾಲುಗಳೂ ಇಂದಿನ ಪಗ್ಗಿಗಿಂತ ಉದ್ದ. ಇಂದು ನಾವು ಕಾಣುವ, ಗೋಡೆಗೆ ಗುದ್ದಿಕೊಂಡಂತಿರುವ ಮುಖ ದೇವರು ಕೊಟ್ಟದ್ದೂ ಅಲ್ಲ, ಚೀನದ ಅರಸರು ಕೊಟ್ಟದ್ದೂ ಅಲ್ಲ. ಕಳೆದ ನೂರೈವತ್ತು ವರ್ಷಗಳಲ್ಲಿ ಪ್ರದರ್ಶನದ ಕಣದಲ್ಲಿ ಬಹುಮಾನ ಹಂಚಿದವರು ಕೊಟ್ಟದ್ದು.

ನಮ್ಮ ಊರುಗಳಲ್ಲಿ ಅತಿ ಹೆಚ್ಚಾಗಿ ಕಾಣುವ ಬಿಳಿಯ ಕೂದಲಿನ ಚೂಪುಮೂತಿಯ ನಾಯಿಯನ್ನು ಎಲ್ಲರೂ ‘ಪಮೇರಿಯನ್’ ಎಂದು ಕರೆಯುವರು. ವಸ್ತುತಃ ಅದು ಪಮೇರಿಯನ್ ಅಲ್ಲ. ಬಾಲ್ಟಿಕ್ ಸಮುದ್ರದ ದಂಡೆಯ ಪಮೇರಾನಿಯಾ ಪ್ರಾಂತದಿಂದ ಹೆಸರು ಪಡೆದ ನಿಜವಾದ ಪಮೇರಿಯನ್ ಇಂದು ಎರಡು ಮೂರು ಕಿಲೋಗ್ರಾಂ ತೂಗುವ ಗೊಂಬೆಯಂಥ ಪ್ರಾಣಿ. ಅದೂ ಮೊದಲು ಅಷ್ಟು ಸಣ್ಣದಾಗಿರಲಿಲ್ಲ. ವಿಕ್ಟೋರಿಯಾ ರಾಣಿ ೧೮೮೮ರಲ್ಲಿ ಇಟಲಿಯ ಫ್ಲಾರೆನ್ಸಿನಿಂದ ಸಣ್ಣ ಗಾತ್ರದ ಒಂದನ್ನು ತಂದ ಮೇಲೆ, ಸಣ್ಣದೇ ಚೆಂದವೆಂಬ ಗೀಳು ಹಬ್ಬಿ ತಳಿಯ ಗಾತ್ರ ಬೇಗನೆ ಕುಗ್ಗಿತು. ನಮ್ಮ ಮನೆಗಳ ನಾಯಿಯಾದರೋ ಬ್ರಿಟಿಷರ ಕಾಲದಲ್ಲಿ ಬಂದ ಜರ್ಮನ್ ಸ್ಪಿಟ್ಸ್ ನಾಯಿಗಳ ಸಂತತಿ. ‘ಸ್ಪಿಟ್ಸ್’ ಎಂದರೆ ಜರ್ಮನ್ ಭಾಷೆಯಲ್ಲಿ ಚೂಪು ಎಂದರ್ಥ. ಈ ಭಾರತೀಯ ಸ್ಪಿಟ್ಸಿನ ಮೂತಿ ಪಮೇರಿಯನ್ನಿನದಕ್ಕಿಂತ ಉದ್ದ, ಕಿವಿ ದೊಡ್ಡದು, ಕೂದಲು ಕಡಿಮೆ ದಟ್ಟ. ಸಣ್ಣ ಬಗೆಯದು ಐದಾರು ಕಿಲೋ ತೂಗಿದರೆ ದೊಡ್ಡ ಬಗೆಯದು ಅದರ ಎರಡರಷ್ಟಕ್ಕೂ ಮಿಕ್ಕಿ ತೂಗುವುದು. ತಲೆಮಾರುಗಳಿಂದ ನಮ್ಮ ಬಿಸಿಲಿನಲ್ಲಿ, ನಮ್ಮ ಅನ್ನ ರೊಟ್ಟಿ ತಿಂದು, ಬದುಕಲಾರದವು ಸತ್ತು ಬದುಕಬಲ್ಲವು ಉಳಿದು, ಇದು ಈ ಹವೆಗೆ ಒಗ್ಗಿಕೊಂಡಿದೆ. ೧೯೯೪ರಲ್ಲಿ ಬಂದ ‘ಹಮ್ ಆಪ್ಕೆ ಹೈ ಕೌನ್’ ಎಂಬ ಹಿಂದಿ ಚಲನಚಿತ್ರದ ‘ಟಫಿ’ ಈ ಜಾತಿಯದೇ. ೨೦೦೩ರಲ್ಲಿ ‘ಹಚ್’ ಎಂಬ ಮೊಬೈಲ್ ದೂರವಾಣಿ ಕಂಪನಿಯ ಜಾಹೀರಾತಿನಲ್ಲಿ ಪಗ್ ನಾಯಿಯೊಂದು ಹುಡುಗನ ಹಿಂದೆ ಹಿಂದೆ ನಡೆಯಿತು. ಅಲ್ಲಿಂದ ಮುಂದೆ ಸ್ಪಿಟ್ಸಿನ ಜಾಗವನ್ನು ಪಗ್ ಆಕ್ರಮಿಸತೊಡಗಿತು. ಹವೆಗೆ ಒಗ್ಗಿದ ನಾಯಿಯನ್ನು ಬಿಟ್ಟು ಒಗ್ಗದ ನಾಯಿಯನ್ನು ತಂದುಕೊಂಡುದು ನಮ್ಮ ಅಭಿಪ್ರಾಯದಲ್ಲಿ ನಷ್ಟದ ವ್ಯಾಪಾರ.

ಈಗ ಗಾತ್ರದ ರಹಸ್ಯವನ್ನು ನೋಡೋಣ. ಅತಿ ಸಣ್ಣ ನಾಯಿಗೂ ಅತಿ ದೊಡ್ಡ ನಾಯಿಗೂ ತೂಕದಲ್ಲಿ ಸುಮಾರು ನಲವತ್ತು ಪಟ್ಟು ಅಂತರವಿದೆ. ಒಂದೇ ಜಾತಿಯ ಭೂಚರ ಸಸ್ತನಿಗಳಲ್ಲಿ ಇಷ್ಟು ಅಂತರ ಮತ್ತೆಲ್ಲಿಯೂ ಇಲ್ಲ. ಇದಕ್ಕೆ ನೂರಾರು ವಂಶಾಣುಗಳು ಕಾರಣವಿರಬೇಕೆಂದು ಊಹಿಸಿದ್ದ ವಿಜ್ಞಾನಿಗಳಿಗೆ ೨೦೦೭ರಲ್ಲಿ ಅಚ್ಚರಿ ಕಾದಿತ್ತು. ಬೆಳವಣಿಗೆಯನ್ನು ಪ್ರಚೋದಿಸುವ, ಇನ್ಸುಲಿನ್ನನ್ನು ಹೋಲುವ ಒಂದು ಸ್ರಾವವುಂಟು. ಐಜಿಎಫ್-೧ ಎಂಬುದು ಅದರ ಸಂಕ್ಷಿಪ್ತ ಹೆಸರು. ಅದನ್ನು ರೂಪಿಸುವ ವಂಶಾಣುವಿನ ಒಂದು ಪಾಠಾಂತರ ಸಣ್ಣ ತಳಿಗಳಲ್ಲೆಲ್ಲ ಹೆಚ್ಚು ಕಡಿಮೆ ಸಾರ್ವತ್ರಿಕವಾಗಿದ್ದು, ದೊಡ್ಡ ತಳಿಗಳಲ್ಲಿ ವಿರಳವೆಂದು ಕಂಡುಬಂದಿತು. ಮನುಷ್ಯನು ನಾಯಿಯನ್ನು ಸಾಕಿದ ಮೇಲೆ ಈ ಬದಲಾವಣೆ ಹುಟ್ಟಿರಬೇಕೆಂದು ಎಲ್ಲರೂ ನಂಬಿದ್ದರು. ೨೦೨೨ರಲ್ಲಿ ಅದೂ ಸುಳ್ಳಾಯಿತು. ಸೈಬೀರಿಯದಲ್ಲಿ ದೊರೆತ, ೫೦,೦೦೦ ವರ್ಷಗಳಿಗಿಂತ ಹಳೆಯದಾದ ತೋಳವೊಂದರ ಅವಶೇಷದಲ್ಲಿಯೇ ಸಣ್ಣ ಗಾತ್ರದ ಆ ಪಾಠಾಂತರವಿತ್ತು! ಅಂದರೆ ಮಡಿಲ ನಾಯಿಯ ಬೀಜ ತೋಳದ ರಕ್ತದಲ್ಲಿಯೇ ಅಡಗಿತ್ತು. ಮನುಷ್ಯನು ಅದನ್ನು ಹೆಕ್ಕಿ ಹೆಚ್ಚಿಸಿದನು, ಅಷ್ಟೇ. ಈ ಸ್ರಾವ ಕಡಿಮೆಯಿರುವುದಕ್ಕೂ ಸಣ್ಣ ನಾಯಿಗಳು ದೊಡ್ಡವುಗಳಿಗಿಂತ ಹೆಚ್ಚು ಕಾಲ ಬಾಳುವುದಕ್ಕೂ ಸಂಬಂಧವಿರಬಹುದೆಂದು ಶರೀರಶಾಸ್ತ್ರಜ್ಞರು ಹೇಳುವರು.

ಮುಖದ ಮತ್ತು ಕಾಲಿನ ಕುಗ್ಗುವಿಕೆ ಬೇರೆಯೇ ಮಾತು. ಅಲ್ಲಿ ಗಾತ್ರ ಕಿರಿದಾದುದಲ್ಲ, ಅಸ್ಥಿಗಳ ಬೆಳವಣಿಗೆಯೇ ಕೆಟ್ಟುದು. ಡ್ಯಾಕ್ಸ್‌ಹುಂಡ್ ನಾಯಿಯ ಮೋಟುಗಾಲಿಗೆ ಒಂದು ವಂಶಾಣುವಿನ ಹೆಚ್ಚುವರಿ ಪ್ರತಿ ಕಾರಣವೆಂದು ೨೦೦೯ರಲ್ಲಿ ತಿಳಿಯಿತು. ಅಂಥದೇ ಇನ್ನೊಂದು ಪ್ರತಿ ಬೆನ್ನೆಲುಬಿನ ಮಣಿಗಳ ನಡುವಣ ಮೆತ್ತೆಗಳನ್ನು ಎಳವೆಯಲ್ಲಿಯೇ ಗಡುಸಾಗಿಸುವುದೆಂದು ೨೦೧೭ರಲ್ಲಿ ಕಂಡರು. ಅದರಿಂದಲೇ ಈ ನಾಯಿಗಳು ಮಂಚದಿಂದ ಒಮ್ಮೆ ಧುಮುಕಿ ಹಿಂಗಾಲುಗಳ ಸ್ವಾಧೀನ ಕಳೆದುಕೊಳ್ಳುವುದುಂಟು. ಚಪ್ಪಟೆ ಮುಖಕ್ಕೆ ಕಾರಣವಾಗುವ ವಂಶಾಣುಗಳಲ್ಲಿ ಮುಖ್ಯವಾದ ಒಂದೂ ಅದೇ ವರ್ಷ ಪತ್ತೆಯಾಯಿತು. ‘ನಾಯಿಯ ಬಾಲ ಡೊಂಕು’ ಎಂಬ ಗಾದೆಯನ್ನು ನಾವೆಲ್ಲ ಹೇಳುತ್ತೇವೆ. ಪಗ್ಗಿನ ಬಾಲದ ಬಿಗಿಸುರುಳಿಯನ್ನು ಕಂಡು ಹಿಗ್ಗುವವರು, ಅದರ ಬೆನ್ನೆಲುಬಿನ ಮಣಿಗಳೂ ಅನೇಕ ವೇಳೆ ಅರೆಯಾಗಿ, ಓರೆಯಾಗಿ ರೂಪುಗೊಂಡಿರುವುವೆಂಬುದನ್ನು ಅರಿಯರು.

ಇನ್ನು ಗೊರಕೆಯ ವಿಷಯ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಮಾತ್ರ ಸ್ವಲ್ಪ ಬೆವರುಂಟು. ಅದು ಮೈಯ ಶಾಖವನ್ನು ಹೊರಹಾಕುವುದು ಏದುಸಿರಿನ ಮೂಲಕ. ಮೂಗಿನೊಳಗೆ ಸುರುಳಿ ಸುರುಳಿಯಾದ ತೆಳು ಎಲುಬಿನ ಪದರಗಳಿದ್ದು, ಅವುಗಳ ಮೇಲೆ ಒದ್ದೆಯಾದ ಪೊರೆ ಹಬ್ಬಿದೆ. ಒಳಗೆ ಬರುವ ಗಾಳಿ ಅದರ ಮೇಲೆ ಹರಿದಾಗ ನೀರು ಆವಿಯಾಗಿ, ಪೊರೆಯಲ್ಲಿನ ರಕ್ತ ತಣ್ಣಗಾಗುವುದು. ನಮ್ಮ ಮಣ್ಣಿನ ಕೊಡ ನೀರನ್ನು ತಂಪು ಮಾಡುವ ತತ್ತ್ವವೇ ಇದು. ಮೂತಿಯನ್ನು ಮೊಟಕು ಮಾಡಿದಾಗ ಈ ಕೊಡವನ್ನೇ ಒಡೆದಂತಾಯಿತು. ಎಲುಬು ಗಿಡ್ಡವಾಯಿತು; ಆದರೆ ಅದರೊಳಗಿನ ಮೃದು ಮಾಂಸ ಅದೇ ಪ್ರಮಾಣದಲ್ಲಿ ಕಿರಿದಾಗಲಿಲ್ಲ. ದೊಡ್ಡ ಹಾಸಿಗೆಯನ್ನು ಸಣ್ಣ ಪೆಟ್ಟಿಗೆಯಲ್ಲಿ ತುರುಕಿದಂತೆ, ಮೃದು ಅಂಗುಳು ಹಿಂದಕ್ಕೆ ಜೋತು ಗಂಟಲಿನ ಬಾಯಿಗೆ ಅಡ್ಡಬರುವುದು. ಮೂಗಿನ ಹೊಳ್ಳೆಗಳು ಬರಿಯ ಸೀಳುಗಳಾಗುವುವು. ಉಸಿರನ್ನು ಬಲವಾಗಿ ಎಳೆದೆಳೆದು ಧ್ವನಿಪೆಟ್ಟಿಗೆಯ ಗೋಡೆಗಳೂ ಕಾಲಕ್ರಮದಲ್ಲಿ ಒಳಕ್ಕೆ ಕುಸಿಯುವುವು. ಹೀಗಾಗಿ ಪ್ರತಿಯೊಂದು ಉಸಿರೂ ಈ ನಾಯಿಗೆ ದುಡಿಮೆ. ದುಡಿಮೆಯಿಂದ ಶಾಖ ಹೆಚ್ಚುವುದು. ಶಾಖ ಇಳಿಸಲು ಇನ್ನಷ್ಟು ಏದುಸಿರು ಬೇಕು. ಏದುಸಿರಿನಿಂದ ಗಂಟಲು ಬಾತು ದಾರಿ ಮತ್ತಷ್ಟು ಇಕ್ಕಟ್ಟಾಗುವುದು. ಆರೋಗ್ಯವಾದ ನಾಯಿಯ ಮೈಶಾಖ ೩೮ರಿಂದ ೩೯ ಸೆಲ್ಸಿಯಸ್ ಡಿಗ್ರಿಯ ಆಸುಪಾಸಿನಲ್ಲಿರುವುದು. ೪೧ ಡಿಗ್ರಿ ದಾಟಿತೆಂದರೆ ಮಿದುಳು, ಮೂತ್ರಪಿಂಡಗಳು, ಕರುಳು ಒಂದೊಂದಾಗಿ ಕೆಡತೊಡಗುವುವು. ಕಬ್ಬೂರಿನ ಆ ಮಧ್ಯಾಹ್ನ ನಾವು ಕಂಡುದು ಈ ವಿಷವರ್ತುಲದ ಮೊದಲ ಸುತ್ತನ್ನು.

ಅಂಥ ಸಮಯದಲ್ಲಿ ಮಾಡಬೇಕಾದುದೇನು? ಮೊದಲು ತಂಪು, ಅನಂತರ ಪ್ರಯಾಣ. ನಾಯಿಯನ್ನು ನೆರಳಿಗೆ ತಂದು ಮೈಯೆಲ್ಲ ತೊಯ್ಯುವಂತೆ ನೀರು ಹೊಯ್ದು ಗಾಳಿ ಬೀಸಬೇಕು. ಒದ್ದೆ ಗೋಣಿಯನ್ನೋ ಕಂಬಳಿಯನ್ನೋ ಹೊದಿಸಿ ಬಿಡುವುದು ತಪ್ಪು. ಸ್ವಲ್ಪ ಹೊತ್ತಿನಲ್ಲಿ ಅದೇ ಶಾಖವನ್ನು ಒಳಗೆ ತಡೆದಿಡುವುದು. ಬಲವಂತವಾಗಿ ಬಾಯಿಗೆ ನೀರು ಹೊಯ್ಯಬಾರದು. ಮೈ ತಣಿಯುತ್ತಿದ್ದಂತೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು. ಮುಚ್ಚಿದ ಮೋಟಾರಿನೊಳಗೆ ನಾಯಿಯನ್ನು ಬಿಟ್ಟು ಸಂತೆಗೆ ಹೋಗುವುದು ಹತ್ತು ನಿಮಿಷಕ್ಕಾದರೂ ಸಲ್ಲದು.

ಪಗ್ಗಿನ ಕಷ್ಟ ನಮ್ಮ ಊಹೆಯ ಮಾತಲ್ಲ. ಲಂಡನ್ನಿನ ರಾಯಲ್ ಪಶುವೈದ್ಯ ಕಾಲೇಜಿನವರು ೨೦೨೨ರಲ್ಲಿ ೪,೩೦೮ ಪಗ್‌ಗಳ ಚಿಕಿತ್ಸಾ ದಾಖಲೆಗಳನ್ನು ೨೧,೮೩೫ ಇತರ ನಾಯಿಗಳ ದಾಖಲೆಗಳೊಂದಿಗೆ ಹೋಲಿಸಿದರು. ಒಂದು ವರ್ಷದಲ್ಲಿ ಯಾವುದಾದರೊಂದು ಬೇನೆಗೆ ತುತ್ತಾಗುವ ಸಂಭವ ಪಗ್ಗಿಗೆ ಸುಮಾರು ೧.೯ ಪಟ್ಟು ಹೆಚ್ಚು ಎಂದು ಕಂಡುಬಂದಿತು. ಬ್ರಿಟನ್ನಿನಲ್ಲಿಯೇ ೨೦೨೪ರಲ್ಲಿ ಪ್ರಕಟವಾದ, ೫,೮೪,೭೩೪ ನಾಯಿಗಳ ಆಯುರ್ಮಾನದ ಲೆಕ್ಕ ಇನ್ನೂ ಬೋಧಪ್ರದವಾಗಿದೆ. ಸಣ್ಣ ಗಾತ್ರದ, ಉದ್ದ ಮೂತಿಯ ಹೆಣ್ಣುನಾಯಿಗಳ ಸರಾಸರಿ ಆಯುಸ್ಸು ೧೩.೩ ವರ್ಷ, ನಡುಗಾತ್ರದ, ಚಪ್ಪಟೆ ಮುಖದ ಗಂಡುನಾಯಿಗಳದು ೯.೧ ವರ್ಷ. ಸಣ್ಣದಾಗಿರುವುದು ದೋಷವಲ್ಲ, ಮೂತಿಯಿಲ್ಲದಿರುವುದು ದೋಷ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಡ. ಅತಿ ಗಿಡ್ಡ ಮೂತಿಯ ನಾಯಿಗಳಿಂದ ಮರಿ ಮಾಡಿಸುವುದನ್ನು ಹಾಲೆಂಡ್ ದೇಶ ೨೦೧೯ರಲ್ಲಿ ಅಳತೆಗೋಲು ಹಿಡಿದು ನಿರ್ಬಂಧಿಸಿತು. ತಲೆಬುರುಡೆ ಮಿದುಳಿಗಿಂತ ಕಿರಿದಾಗಿ ನೋವಿನಲ್ಲಿ ನರಳುವ ಕ್ಯಾವಲಿಯರ್ ಸ್ಪಾನಿಯೆಲ್ ತಳಿಯ ಸಂವರ್ಧನವು ನಾರ್ವೆಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ೨೦೨೩ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಅದು ಪ್ರಾಣಿಕಲ್ಯಾಣ ಶಾಸನಕ್ಕೆ ವಿರುದ್ಧವೆಂದು ತೀರ್ಪಿತ್ತಿತು.

ಚಪ್ಪಟೆ ಮುಖದಿಂದ ಬರುವ ತೊಂದರೆ ಉಸಿರಿನೊಂದಿಗೆ ಮುಗಿಯುವುದಿಲ್ಲ. ಕಣ್ಣಿನ ಗೂಡು ಆಳವಿಲ್ಲದುದರಿಂದ ಕಣ್ಣುಗುಡ್ಡೆ ಹೊರಚಾಚಿ, ಧೂಳು ಹುಲ್ಲುಗರಿಗಳಿಂದ ಬೇಗನೆ ಹುಣ್ಣಾಗುವುದು. ಜಗಳದಲ್ಲಿ ಕಣ್ಣು ಕಿತ್ತು ಹೊರಬಂದ ಪ್ರಸಂಗಗಳೂ ಉಂಟು. ಮುಖದ ಮಡಿಕೆಗಳಲ್ಲಿ ಕೊಳೆ ನಿಂತು ಕೀವಾಗುವುದು. ಮರಿಗಳ ತಲೆ ದಪ್ಪ, ತಾಯಿಯ ಕಟಿ ಕಿರಿದು. ಹೆರಿಗೆಗೆ ಶಸ್ತ್ರಕ್ರಿಯೆ ಬೇಕಾಗುವುದೂ ವಿರಳವಲ್ಲ.

ಸ್ಪಿಟ್ಸ್, ಪಮೇರಿಯನ್, ಚಿಹುವಾಹುವಾ ಮೊದಲಾದ ಮೂತಿಯುಳ್ಳ ಸಣ್ಣ ನಾಯಿಗಳಿಗೂ ತಮ್ಮವೇ ಆದ ಬೇನೆಗಳಿವೆ. ಆದರೆ ಅವುಗಳಲ್ಲಿ ಹೆಚ್ಚಿನವನ್ನು ಎಚ್ಚರಿಕೆಯಿಂದ ತಡೆಯಬಹುದು. ಮಂಡಿಯ ಚಿಪ್ಪು ತನ್ನ ಗಾಡಿಯಿಂದ ಜಾರುವುದು ಮೊದಲನೆಯದು. ನಡೆಯುತ್ತಿರುವ ನಾಯಿ ಒಮ್ಮೆಲೇ ಹಿಂಗಾಲೊಂದನ್ನು ಎತ್ತಿ ಎರಡು ಮೂರು ಹೆಜ್ಜೆ ಕುಂಟಿ, ಏನೂ ಆಗದಂತೆ ಮತ್ತೆ ನಡೆದರೆ ಅದನ್ನು ಆಟವೆಂದು ತಿಳಿಯಬಾರದು. ಚಿಪ್ಪು ಜಾರಿ ಮತ್ತೆ ಕುಳಿತಿದೆ ಎಂದು ತಿಳಿಯಬೇಕು. ಹೊಸ ಮನೆಗಳ ನುಣುಪಾದ ಗ್ರಾನೈಟ್ ನೆಲ ಇದಕ್ಕೆ ಪರಮ ಶತ್ರು. ಎರಡನೆಯದು ಶ್ವಾಸನಾಳದ ಕುಸಿತ. ಈ ನಾಳವನ್ನು ತೆರೆದಿಡುವ ಮೃದ್ವಸ್ಥಿಯ ಬಳೆಗಳು ಸಣ್ಣ ನಾಯಿಗಳಲ್ಲಿ ವಯಸ್ಸಾದಂತೆ ಮೆತ್ತಗಾಗಿ ಚಪ್ಪಟೆಯಾಗುವುವು. ಆಗ ಬಾತುಕೋಳಿ ಕೂಗಿದಂಥ ಒಣಕೆಮ್ಮು ಹುಟ್ಟುವುದು. ಇಂಥ ನಾಯಿಯ ಕೊರಳಿಗೆ ಪಟ್ಟಿ ಕಟ್ಟಿ ಜಗ್ಗುವುದೆಂದರೆ ರೋಗವನ್ನು ಕೈಯಾರೆ ಕರೆದಂತೆ. ಎದೆಗೆ ತೊಡಿಸುವ ಪಟ್ಟಿಯೇ ಲೇಸು. ಮೂರನೆಯದು ಹಲ್ಲು. ಹೆಗ್ಗಾತ್ರದ ನಾಯಿಗೂ ೪೨ ಹಲ್ಲು, ಅಂಗೈಯಗಲದ ನಾಯಿಗೂ ೪೨ ಹಲ್ಲು! ಇಕ್ಕಟ್ಟಿನಲ್ಲಿ ಹಾಲುಹಲ್ಲು ಬೀಳದೆ ಉಳಿದು, ಸಂದಿಗಳಲ್ಲಿ ಅನ್ನ ಕೊಳೆತು, ವಸಡು ಹಾಳಾಗುವುದು. ಬಾಯಿಯ ದುರ್ವಾಸನೆ ನಾಯಿಗೆ ಸಹಜವೆಂಬುದು ತಪ್ಪು ನಂಬಿಕೆ. ಬೇಸಗೆ ಬಂತೆಂದು ಸ್ಪಿಟ್ಸಿನ ಕೂದಲನ್ನು ಬುಡಕ್ಕೆ ಬೋಳಿಸುವ ಪದ್ಧತಿಯನ್ನೂ ನಾವು ಕಂಡಿದ್ದೇವೆ. ಎರಡು ಪದರದ ಆ ಕೂದಲು ಬಿಸಿಲಿಗೂ ತಡೆಯೇ. ಬಾಚಿ ಉದುರುಗೂದಲನ್ನು ತೆಗೆದರೆ ಸಾಕು.

ಗಾತ್ರ ಸಣ್ಣದಾದುದರಿಂದಲೇ ಹುಟ್ಟುವ ಒಂದು ಗಣಿತವುಂಟು. ವಸ್ತುವಿನ ಉದ್ದಗಲ ಎತ್ತರಗಳನ್ನು ಅರ್ಧಕ್ಕೆ ಇಳಿಸಿದರೆ ತೂಕ ಎಂಟನೆಯ ಒಂದಕ್ಕಿಳಿಯುವುದು. ಮೈಯ ಹೊರಮೈ ಮಾತ್ರ ನಾಲ್ಕನೆಯ ಒಂದಕ್ಕಿಳಿಯುವುದು. ಆದುದರಿಂದ ಸಣ್ಣ ಪ್ರಾಣಿಯಲ್ಲಿ ಪ್ರತಿ ಕಿಲೋ ತೂಕಕ್ಕೆ ಶಾಖ ಸೋರುವ ಮೈ ಹೆಚ್ಚು. ೩೦ ಕಿಲೋ ತೂಕದ ನಾಯಿ ಸುಮ್ಮನೆ ಮಲಗಿದ್ದರೂ ಪ್ರತಿ ಕಿಲೋಗೆ ದಿನಕ್ಕೆ ಸುಮಾರು ೩೦ ಕಿಲೋಕ್ಯಾಲೊರಿ ವೆಚ್ಚ ಮಾಡಿದರೆ, ೩ ಕಿಲೋ ನಾಯಿ ೫೦ಕ್ಕೂ ಮಿಕ್ಕಿ ವೆಚ್ಚ ಮಾಡುವುದು. ಸಣ್ಣ ತಳಿಯ ಎಳೆಮರಿಗಳು ನಾಲ್ಕೈದು ಗಂಟೆ ಹಸಿದಿದ್ದರೂ ರಕ್ತದ ಸಕ್ಕರೆ ಇಳಿದು ತೂಕಡಿಸಿ ಬೀಳುವುದು ಇದೇ ಕಾರಣದಿಂದ. ಅವುಗಳಿಗೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣಿಸಬೇಕು.

ಬೆಳೆದ ನಾಯಿಯಲ್ಲಿ ತೊಂದರೆ ತಿರುಗುಮುರುಗು. ೩ ಕಿಲೋ ನಾಯಿಗೆ ಇಡೀ ದಿನಕ್ಕೆ ಬೇಕಾದುದು ಸುಮಾರು ೨೫೦ ಕಿಲೋಕ್ಯಾಲೊರಿ. ತುಪ್ಪ ಸವರಿದ ಎರಡು ಚಪಾತಿ ಅಷ್ಟನ್ನು ತುಂಬುವುವು. ಅದರ ಮೇಲೆ ಬೆಳಗಿನ ಚಹದಲ್ಲಿ ಅದ್ದಿದ ಬಿಸ್ಕೀಟು, ಅತಿಥಿಗಳು ಬಂದಾಗ ಒಂದು ಚೂರು ಕುಂದಾ, ಮಕ್ಕಳ ತಟ್ಟೆಯ ಎಂಜಲು ಎಲ್ಲ ಸೇರಿದರೆ ಆ ನಾಯಿ ದಿಂಬಿನಂತಾಗುವುದರಲ್ಲಿ ಆಶ್ಚರ್ಯವೇನು? ಬೊಜ್ಜು ಬಂದಿತೆಂದರೆ ಮಂಡಿ, ಬೆನ್ನು, ಶ್ವಾಸನಾಳ ಮೂರಕ್ಕೂ ಕೇಡು. ಕೈಯಿಂದ ಸವರಿದಾಗ ಪಕ್ಕೆಲುಬುಗಳು ಬೆರಳಿಗೆ ಸಿಕ್ಕಬೇಕು. ಸಿಕ್ಕದಿದ್ದರೆ ಊಟ ಕಡಿಮೆ ಮಾಡತಕ್ಕದ್ದು. ಅಥಣಿಯ ಕಡೆ ದ್ರಾಕ್ಷಿ ಬೆಳೆಯುವರು, ಮನೆಮನೆಯಲ್ಲಿ ಒಣದ್ರಾಕ್ಷಿ ಇರುವುದು. ಮಕ್ಕಳು ಪ್ರೀತಿಯಿಂದ ನಾಯಿಗೂ ನಾಲ್ಕು ಹಾಕುವರು. ನಮಗೆ ಅಮೃತವಾದ ಈ ಹಣ್ಣು ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಸಣ್ಣ ನಾಯಿಗೆ ಅಪಾಯ ಹೆಚ್ಚು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಇತ್ತೀಚೆಗೆ ಅಭಿಪ್ರಾಯಪಟ್ಟಿದ್ದಾರೆ. ಚಾಕೊಲೇಟು, ಈರುಳ್ಳಿ, ಬೆಳ್ಳುಳ್ಳಿಗಳೂ ವರ್ಜ್ಯ.

ಸ್ವಭಾವದ ಬಗ್ಗೆ ಒಂದೆರಡು ಮಾತು. ಸಣ್ಣ ನಾಯಿಗಳು ಸಿಡುಕು, ಸುಮ್ಮನೆ ಬೊಗಳುವುವು, ಅಪರಿಚಿತರ ಹಿಮ್ಮಡಿ ಕಚ್ಚುವುವು ಎಂಬ ದೂರು ಎಲ್ಲೆಡೆ ಇದೆ. ಸ್ಪಿಟ್ಸ್ ವಂಶದ್ದಕ್ಕೆ ಬೊಗಳುವುದು ಹುಟ್ಟುಗುಣ. ಬಂಡಿಯ ಮೇಲೆ ಕುಳಿತು ಮಾಲನ್ನು ಕಾಯುವುದು ಅದರ ಪೂರ್ವಜರ ಕಸುಬಾಗಿತ್ತು. ಪಗ್ ಸಾಮಾನ್ಯವಾಗಿ ಶಾಂತ, ಮಕ್ಕಳೊಂದಿಗೆ ಸಹನಶೀಲ. ಆದರೆ ದೋಷವೆಲ್ಲ ನಾಯಿಯದಲ್ಲ. ವಿಯೆನ್ನಾದ ಸಂಶೋಧಕರು ಸಾವಿರಕ್ಕೂ ಹೆಚ್ಚು ನಾಯಿ ಸಾಕುವವರನ್ನು ವಿಚಾರಿಸಿ ೨೦೧೦ರಲ್ಲಿ ಪ್ರಕಟಿಸಿದ ವರದಿಯಂತೆ, ಸಣ್ಣ ನಾಯಿಗಳ ಒಡೆಯರು ಅವುಗಳೊಂದಿಗೆ ಆಡುವುದೂ ಕಲಿಸುವುದೂ ಕಡಿಮೆ. ಒಂದು ದಿನ ಬೈದುದಕ್ಕೆ ಇನ್ನೊಂದು ದಿನ ನಗುವುದು ಹೆಚ್ಚು. ದೊಡ್ಡ ನಾಯಿ ಗುರ್ರೆಂದರೆ ಮನೆಯವರೆಲ್ಲ ಎಚ್ಚರಗೊಳ್ಳುವರು. ಸಣ್ಣದು ಗುರ್ರೆಂದರೆ ಎತ್ತಿ ಮುದ್ದಿಡುವರು. ಗುರ್ರೆಂದರೆ ಮುದ್ದು ಸಿಗುವುದೆಂದು ಅದು ಕಲಿಯದಿರುವುದೇ? ಮಡಿಲಿನಲ್ಲಿಯೇ ಇಟ್ಟು ನೆಲಕ್ಕೆ ಬಿಡದ ಮರಿ ಜಗತ್ತಿಗೆಲ್ಲ ಅಂಜುವುದು. ಮೂರರಿಂದ ಹದಿಮೂರು ಹದಿನಾಲ್ಕು ವಾರಗಳ ಒಳಗೆ ಅದಕ್ಕೆ ಬಗೆಬಗೆಯ ಮನುಷ್ಯರು, ಸದ್ದುಗಳು, ದನಕರುಗಳು ಪರಿಚಯವಾಗಬೇಕು.

ರೋಗನಿರೋಧದ ವಿಷಯದಲ್ಲಿ ಉಪೇಕ್ಷೆ ಸಲ್ಲದು. ಕರುಳನ್ನು ಕೊರೆದು ರಕ್ತಭೇದಿ ತರುವ ಪಾರ್ವೋ ವೈರಸ್ಸು ೧೯೭೮ರಲ್ಲಿ ಜಗತ್ತಿಗೆ ಮೊದಲು ಗೊತ್ತಾಯಿತು. ಲಸಿಕೆಯಿಲ್ಲದ ಮರಿಗಳನ್ನು ಅದು ಎರಡು ಮೂರು ದಿನಗಳಲ್ಲಿ ಕೊಲ್ಲಬಲ್ಲದು. ಆರರಿಂದ ಎಂಟನೆಯ ವಾರದಲ್ಲಿ ಮೊದಲು ಮಾಡಿ, ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರನೆಯ ವಾರದವರೆಗೆ ಲಸಿಕೆ ಹಾಕಿಸಬೇಕು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಲಸಿಕೆಯನ್ನು ನಿಷ್ಫಲಗೊಳಿಸಬಹುದಾದುದರಿಂದ ಒಂದೇ ಚುಚ್ಚುಮದ್ದು ಸಾಲದು. ಉಣ್ಣೆಗಳು ನಮ್ಮ ಹವೆಯಲ್ಲಿ ವರ್ಷವಿಡೀ ಇರುವುವು. ಕಂದು ಉಣ್ಣೆ ಹರಡುವ ಎರ್ಲಿಕಿಯ ಎಂಬ ರೋಗಾಣು ಬಿಳಿಯ ರಕ್ತಕಣಗಳೊಳಗೆ ಸೇರಿಕೊಳ್ಳುವುದು. ಜ್ವರ, ಊಟ ಬಿಡುವಿಕೆ, ವಸಡು ಬಿಳುಪೇರುವುದು, ಕೆಲವೊಮ್ಮೆ ಮೂಗಿನಿಂದ ರಕ್ತ ಸುರಿಯುವುದು ಇದರ ಚಿಹ್ನೆಗಳು. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಎಂಬ ಔಷಧಿಯಿಂದ ಗುಣವಾಗುವುದು. ಉದ್ದಗೂದಲಿನ ನಾಯಿಯಲ್ಲಿ ಉಣ್ಣೆಗಳು ಕಾಣದಂತೆ ಅಡಗುವುದರಿಂದ ಕಿವಿಯ ಒಳಗೆ, ಬೆರಳಿನ ಸಂದಿಗಳಲ್ಲಿ ನಿತ್ಯವೂ ಹುಡುಕಬೇಕು.

“ನಮ್ಮದು ಮನೀ ಬಿಟ್ಟು ಹೊರಗ ಹೋಗೂದಿಲ್ರಿ, ಅದಕ್ಕ್ಯಾಕ ಹುಚ್ಚುನಾಯಿ ಇಂಜೆಕ್ಷನ್ನು?” ಎಂಬ ಪ್ರಶ್ನೆಯನ್ನು ನಾವು ಅನೇಕರಿಂದ ಕೇಳಿದ್ದೇವೆ. ಗೇಟಿನ ಸಂದಿಯಿಂದ ಮೂತಿ ಚಾಚಿ ಬೀದಿಯ ನಾಯಿಗೆ ಬೊಗಳದ ಸ್ಪಿಟ್ಸ್ ಎಲ್ಲಿದೆ? ಕಚ್ಚಿಸಿಕೊಳ್ಳಲು ಅಷ್ಟು ಸಾಕು. ರೇಬೀಸ್ ಲಕ್ಷಣಗಳು ತೋರಿದ ಮೇಲೆ ನಾಯಿಗಾಗಲಿ ಮನುಷ್ಯನಿಗಾಗಲಿ ಉಪಾಯವಿಲ್ಲ; ಮೂರು ತಿಂಗಳಿಗೆ ಮೊದಲ ಲಸಿಕೆ, ಅನಂತರ ವೈದ್ಯರು ಹೇಳಿದಂತೆ ವರ್ಷ ವರ್ಷವೂ ಹಾಕಿಸುವುದೇ ಮಾರ್ಗ. ಮನೆಯ ಮರಿಯ ಹಲ್ಲು ತಾಗಿ ರಕ್ತ ಬಂದರೂ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು.

ಕೊನೆಗೆ, ಮರಿಯನ್ನು ಕೊಳ್ಳುವವರಿಗೆ. ನಮ್ಮ ದೇಶದ ೨೦೧೭ರ ನಾಯಿ ಸಂವರ್ಧನ ಮತ್ತು ಮಾರಾಟದ ನಿಯಮಗಳಂತೆ ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಸಂವರ್ಧಕರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿರಬೇಕು. ರಟ್ಟಿನ ಪೆಟ್ಟಿಗೆಯಲ್ಲಿ ತಂದು ಬಸ್ ನಿಲ್ದಾಣದಲ್ಲಿ ಕೈಗೆ ಕೊಡುವವರಿಂದ ಕೊಳ್ಳಬಾರದು. ತಾಯಿನಾಯಿಯನ್ನು ಕಣ್ಣಾರೆ ನೋಡಬೇಕು. ಅದನ್ನು ಅಂಗಳದಲ್ಲಿ ಎರಡು ಸುತ್ತು ಓಡಿಸಲು ಹೇಳಿ, ಬಳಿಕ ಮೌನವಾಗಿ ನಿಂತು ಅದರ ಉಸಿರನ್ನು ಕೇಳಬೇಕು. ಬಾಯಿ ಮುಚ್ಚಿ ಸದ್ದಿಲ್ಲದೆ ಮೂಗಿನಿಂದ ಉಸಿರಾಡಬಲ್ಲ ತಾಯಿಯ ಮರಿಯನ್ನು ತರಬಹುದು. ಕಬ್ಬೂರಿನ ನಮ್ಮ ಪರಿಚಿತರು ತಮ್ಮ ಪಗ್ಗಿನ ಹೊಳ್ಳೆಗಳನ್ನು ಶಸ್ತ್ರಕ್ರಿಯೆಯಿಂದ ಅಗಲ ಮಾಡಿಸಿದ್ದಾರೆ. ಅದು ಈಗ ಬೆಳಗಿನ ಆರು ಗಂಟೆಗೆ ಮುನ್ನ ಒಂದು ಸುತ್ತು ತಿರುಗಾಡಿ ಬರುತ್ತದೆ. ಬಿಸಿಲೇರಿದ ಮೇಲೆ ಹೊರಗೆ ಕಾಲಿಡುವುದಿಲ್ಲ.